ಚಳಿಗಾಲದಲ್ಲಿ ನಮ್ಮ ಹಿತ್ತಲಿಗೆ ಬರುವ ಹಕ್ಕಿಗಳು ಫಿನ್ಲೆಂಡಿನಲ್ಲಿ ಸಿಗುತ್ತವಾ?

ಹಿತ್ತಲಹಕ್ಕಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಓದಿದ್ದೇ ಜಾಸ್ತಿ, ಬರೆದದ್ದು ಕಡಿಮೆ. ಈಗ ನಿಮ್ಮ ಸಹಾಯ ಬೇಕಾಗಿದೆ.

ಮಗಳ ಬಾಣಂತನಕ್ಕೆ ಫಿನ್ಲೆಂಡಿನ ಎಸ್ಪೂ ಊರಿಗೆ ಹೊರಟಿದ್ದೇನೆ. ವೀಸಾ 90 ದಿನದ್ದು. ಮೇ 20ರ ಸುಮಾರಿಗೆ ಹೋಗಿ ಆಗಸ್ಟ್ ಮಧ್ಯದಲ್ಲಿ ವಾಪಸ್. ಬಜೆ, ಮೆಂತ್ಯದ ಹಿಟ್ಟು, ಅಂಟಿನುಂಡೆಗೆ ಬೇಕಾದ ಸಾಮಾನು ಎಲ್ಲಾ ತೂಕ ನೋಡಿ ಕಟ್ಟಿಟ್ಟಾಗಿದೆ. "ದುರ್ಬೀನು ಬೇಡಮ್ಮಾ, ಟೈಮೆಲ್ಲಿರತ್ತೆ ನಿಂಗೆ" ಅಂತಾಳೆ ಮಗಳು. ಅದನ್ನು ಸದ್ದಿಲ್ಲದೆ ಕೈಚೀಲಕ್ಕೆ ಸೇರಿಸಿದ್ದೇನೆ.

ನಾನು ಬ್ಯಾಂಕಿನಲ್ಲಿದ್ದವಳು. ನಿವೃತ್ತಿಯಾದರೂ ಲೆಡ್ಜರ್ ಬರೆಯುವ ಚಟ ಹೋಗಿಲ್ಲ. ಯಾವ ವಲಸೆ ಹಕ್ಕಿ ಮೊದಲು ಕಂಡ ದಿನ ಯಾವುದು, ಕೊನೆಗೆ ಕಂಡ ದಿನ ಯಾವುದು ಅಂತ ಎರಡು ಕಾಲಂ ಮಾಡಿಕೊಂಡಿದ್ದೇನೆ. ಅದರಲ್ಲಿ ನನಗೆ ಅತಿ ಹತ್ತಿರದ್ದು ಬ್ಲೈತ್ಸ್ ರೀಡ್ ವಾರ್ಬ್ಲರ್. ಗುಬ್ಬಿಗಿಂತ ಚಿಕ್ಕದು. ಮೈಯೆಲ್ಲಾ ಮಾಸಲು ಕಂದು, ಕೊಕ್ಕು ಮಾತ್ರ ಉದ್ದ, ಕಣ್ಣಿನ ಮುಂದೆ ತೆಳುವಾದ ಒಂದು ಬಿಳಿ ಗೆರೆ. ನೋಡುವುದಕ್ಕೆ ಏನೂ ಇಲ್ಲ ಅಂತಲೇ ಹೇಳಬಹುದು. ದಸರಾ ಹೊತ್ತಿಗೆ ನಮ್ಮ ಕಾಂಪೌಂಡಿನ ದಾಸವಾಳದ ಬೇಲಿಯೊಳಗೆ ಸೇರಿಕೊಳ್ಳುತ್ತದೆ. ಬೆಳಗಿಂದ ಸಂಜೆವರೆಗೆ "ಚಕ್... ಚಕ್..." ಅಷ್ಟೇ. ಏಪ್ರಿಲ್ ಕೊನೆಗೆ ಒಂದು ದಿನ ಸದ್ದು ನಿಂತಿರುತ್ತದೆ. ಹೊಂಗೆಮರದ ಗ್ರೀನಿಶ್ ವಾರ್ಬ್ಲರ್ ಕೂಡ ಹೆಚ್ಚುಕಡಿಮೆ ಆಗಲೇ ಹೊರಟುಹೋಗುತ್ತದೆ. ಲಿಂಗಾಂಬುಧಿ ಕೆರೆ ಅಂಚಿನಲ್ಲಿ ಬಾಲ ಕುಣಿಸುವ ಗ್ರೀನ್ ಸ್ಯಾಂಡ್‌ಪೈಪರ್ ಇನ್ನೂ ಮೊದಲೇ.

ಇವೆಲ್ಲಾ ಮರಿ ಮಾಡುವುದು ಉತ್ತರದಲ್ಲಿ ಅಂತ ಪುಸ್ತಕದಲ್ಲಿದೆ. ಉತ್ತರ ಅಂದರೆ ಎಲ್ಲಿ? ಫಿನ್ಲೆಂಡಿನಲ್ಲಿ ಇವುಗಳಲ್ಲಿ ಯಾವುದಾದರೂ ಸಿಗುತ್ತದಾ? ಸಿಕ್ಕರೆ ಅವು ನಮ್ಮಲ್ಲಿಗೆ ಬರುವ ಹಕ್ಕಿಗಳೇನಾ? ಮಗು ನೋಡಿಕೊಳ್ಳುತ್ತಾ ದೂರ ಹೋಗಲಾರೆ. ಮನೆ ಸುತ್ತಮುತ್ತಲೇ ಆಗಬೇಕು.

ಟೆರೇಸ್_ಬರ್ಡರ್

ಖಂಡಿತ ಸಿಗುತ್ತವೆ ಮೇಡಂ! ನಮ್ಮ ಟೆರೇಸಿಗೆ ಬರುವ ಬಿಳಿ ಸಿಪಿಲೆ ಫಿನ್ಲೆಂಡಿನಲ್ಲಿ ರಸ್ತೆರಸ್ತೆಯಲ್ಲೂ ಇರುತ್ತದೆ. ಫೋಟೊ ನೋಡಿದ್ದೇನೆ. ಅಲ್ಲಿಂದಲೇ ಬರುವುದು.

ಸಾಗರದ_ಮೇಷ್ಟ್ರು

ತಮ್ಮಾ, ಸ್ವಲ್ಪ ತಡಿ. ಸಿಪಿಲೆ ಅಲ್ಲಿ ರಸ್ತೆರಸ್ತೆಯಲ್ಲೂ ಇದೆ, ಅದು ಸರಿ. ಆದರೆ ಫಿನ್ಲೆಂಡಿನ ಸಿಪಿಲೆಗಳು ಚಳಿಗಾಲಕ್ಕೆ ಈಜಿಪ್ಟ್, ಪೂರ್ವ ಮೆಡಿಟರೇನಿಯನ್ ಕಡೆ ಹೋಗುತ್ತವೆ. ನಿನ್ನ ಟೆರೇಸಿನದ್ದು ಹಿಮಾಲಯದ ಕಡೆಯದೋ ಮಧ್ಯ ಏಷ್ಯಾದ್ದೋ ಇರುತ್ತದೆ. ಅಂಬರಗುಬ್ಬಿಯೂ ಹಾಗೇ. ಅಲ್ಲಿಯವು ಆಫ್ರಿಕಾಕ್ಕೆ, ನಮ್ಮವು ಬೇರೆ ಕಡೆಯಿಂದ. ಜಾತಿ ಒಂದೇ ಆದ ಮಾತ್ರಕ್ಕೆ ದಾರಿ ಒಂದೇ ಆಗುವುದಿಲ್ಲ.

ಮೇಡಂ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಯಾಕೆಂದರೆ ನಿಮ್ಮ ಬೇಲಿಯ ಹಕ್ಕಿಯೇ ಸರಿಯಾದ ಉತ್ತರ. ಫಿನ್ಲೆಂಡಿನ ವಲಸೆ ಹಕ್ಕಿಗಳಲ್ಲಿ ಹೆಚ್ಚಿನವು ಯುರೋಪ್, ಆಫ್ರಿಕಾ ಕಡೆ ಇಳಿಯುತ್ತವೆ. ಬೆರಳೆಣಿಕೆಯ ಕೆಲವು ಮಾತ್ರ ಆಗ್ನೇಯಕ್ಕೆ ತಿರುಗಿ ನಮ್ಮ ಕಡೆ ಬರುತ್ತವೆ: ಬ್ಲೈತ್ಸ್ ರೀಡ್ ವಾರ್ಬ್ಲರ್, ಗ್ರೀನಿಶ್ ವಾರ್ಬ್ಲರ್, ರೋಸ್‌ಫಿಂಚ್, ಕೆಂಪುಗಂಟಲಿನ ನೊಣಹಿಡುಕ. ಬ್ಲೈತ್ಸ್ ಇಡೀ ಜಾತಿಯೇ ಚಳಿಗಾಲ ಕಳೆಯುವುದು ಭಾರತ, ಶ್ರೀಲಂಕಾ, ಮ್ಯಾನ್ಮಾರ್ ಸುತ್ತಮುತ್ತ. ಹಾಗಾಗಿ ಎಸ್ಪೂದಲ್ಲಿ ಹಾಡುವ ಬ್ಲೈತ್ಸ್ ನಮ್ಮ ಉಪಖಂಡಕ್ಕೆ ಬಂದು ಹೋದದ್ದೇ ಅನ್ನಬಹುದು. ನಿಮ್ಮ ದಾಸವಾಳದ್ದೇ ಅಂತ ಮಾತ್ರ ಹೇಳಲಾಗದು. ಹೆಲ್ಸಿಂಕಿಯಿಂದ ಮೈಸೂರಿಗೆ ನೇರ ಗೆರೆ ಎಳೆದರೂ 6,500 ಕಿ.ಮೀ. ದಾಟುತ್ತದೆ. ಹಕ್ಕಿಯ ತೂಕ ಹತ್ತು-ಹನ್ನೆರಡು ಗ್ರಾಂ. ಅದಕ್ಕೆ ಹೆಸರಿಟ್ಟ ಎಡ್ವರ್ಡ್ ಬ್ಲೈತ್ ಕೂಡ ಅದನ್ನು ನೋಡಿದ್ದು ನಮ್ಮಲ್ಲೇ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು, 1849ರಲ್ಲಿ ವಿವರಿಸಿದರು.

ನನ್ನ ಮಗ ಹೆಲ್ಸಿಂಕಿ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಬೇಸಿಗೆ ಕಳೆದಿದ್ದೇನೆ. ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಪಟ್ಟಿ ಉದ್ದ ಮಾಡಲು ಹೋಗಬೇಡಿ. ಇಲ್ಲಿ ಚೆನ್ನಾಗಿ ಪರಿಚಯವಿರುವ ನಾಲ್ಕು ಹಕ್ಕಿ ಅಲ್ಲಿ ಏನು ಮಾಡುತ್ತವೆ ನೋಡಿ, ಸಾಕು. ಬೇರೆ ಹಕ್ಕಿಯೇನೋ ಅನ್ನಿಸುವಷ್ಟು ಬದಲಾಗಿರುತ್ತವೆ.

ನಿಮ್ಮ ಗ್ರೀನ್ ಸ್ಯಾಂಡ್‌ಪೈಪರನ್ನೇ ತಗೊಳ್ಳಿ. ಕೆಸರು ಬಿಟ್ಟು ಕದಲದ ಹಕ್ಕಿ ಅಂತ ತಾನೇ ನಾವು ಅಂದುಕೊಂಡಿರುವುದು? ಅಲ್ಲಿ ಅದು ಸ್ಪ್ರೂಸ್ ಮರದ ತುದಿಯಲ್ಲಿ ನಿಂತು ಕೂಗುತ್ತದೆ. ಮೊಟ್ಟೆ ಇಡುವುದೂ ಮರದ ಮೇಲೆ, ಥ್ರಶ್ ಹಕ್ಕಿ ಬಿಟ್ಟುಹೋದ ಹಳೇ ಗೂಡಿನಲ್ಲಿ. ಮರಿಗಳು ಮೊಟ್ಟೆಯೊಡೆದು ಬಂದ ಮೇಲೆ ಅಲ್ಲಿಂದ ಕೆಳಗೆ ಧುಮುಕುತ್ತವೆ. ಇದು ಕೂಡ ಬಹುಪಾಲು ಆಫ್ರಿಕಾ, ಮೆಡಿಟರೇನಿಯನ್ ಕಡೆಯ ಗಿರಾಕಿ, ನಮ್ಮ ಲಿಂಗಾಂಬುಧಿಯದಲ್ಲ. ಆದರೆ ನೋಡಲೇಬೇಕಾದ್ದು.

ಬ್ಲೈತ್ಸ್ ಮೇ ಕೊನೆಯ ವಾರದಿಂದ ಬಂದು ಇಳಿಯುತ್ತದೆ. ಇಲ್ಲಿ ಆರು ತಿಂಗಳು "ಚಕ್" ಬಿಟ್ಟು ಬೇರೆ ಮಾತಿಲ್ಲದ ಹಕ್ಕಿ ಅಲ್ಲಿ ರಾತ್ರಿಯಿಡೀ ಹಾಡುತ್ತದೆ. ಹೆಸರಲ್ಲಿ ರೀಡ್ ಇದ್ದರೂ ಜೊಂಡಿನಲ್ಲಿ ಹುಡುಕಬೇಡಿ. ಹುಲ್ಲುಗಾವಲಿನ ಅಂಚು, ವಿಲ್ಲೋ ಪೊದೆ, ಪಾಳುಬಿದ್ದ ಸೈಟು, ರೈಲು ಹಳಿಯ ಪಕ್ಕ. ಹಾಡು ನಿಧಾನ. ಒಂದು ಸಾಲನ್ನು ನಾಲ್ಕೈದು ಸಲ ಹೇಳಿ, ನಡುವೆ "ಟಕ್ ಟಕ್" ಅಂದು, ಮುಂದಿನ ಸಾಲಿಗೆ ಹೋಗುತ್ತದೆ. ಬೇರೆ ಹಕ್ಕಿಗಳ ದನಿ ಕದ್ದು ಸೇರಿಸುತ್ತದೆ. ಅಲ್ಲೇ ಮಾರ್ಷ್ ವಾರ್ಬ್ಲರ್ ಅಂತ ಇನ್ನೊಂದಿದೆ. ರೂಪದಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಅದು ಆಫ್ರಿಕಾಕ್ಕೆ ಹೋಗಿ ಅಲ್ಲಿಯ ಹಕ್ಕಿಗಳ ದನಿ ಕಲಿತು ಬಂದು ಯುರೋಪಿನಲ್ಲಿ ಹಾಡುತ್ತದೆ. ಅದರದ್ದು ಒಂದೇ ಉಸಿರಿನ ಅವಸರದ ಹಾಡು. ನಿಧಾನವಾಗಿ ಪಾಠ ಒಪ್ಪಿಸುತ್ತಿದ್ದರೆ ನಿಮ್ಮದು.

ಗ್ರೀನಿಶ್ ಸಿಗುವುದು ಗಾಳಿಯ ಮೇಲೆ. ಮೇ ಕೊನೆಗೆ ಆಗ್ನೇಯದಿಂದ ಬಿಸಿಗಾಳಿ ಬೀಸಿದ ವರ್ಷ ಚೆನ್ನಾಗಿ ಬರುತ್ತವೆ, ಇಲ್ಲದಿದ್ದರೆ ಅಪರೂಪ. ಹಳೇ ಸ್ಪ್ರೂಸ್ ಕಾಡಿನಲ್ಲಿ ಕಿವಿಗೊಡಿ. ರೋಸ್‌ಫಿಂಚ್ ಅಲ್ಲಿ ಈಗೀಗ ಕಡಿಮೆಯಾಗಿದೆ. ಹಾಡುವ ಗಂಡೆಲ್ಲಾ ಕೆಂಪಾಗಿರುವುದಿಲ್ಲ. ಒಂದು ವರ್ಷದ ಗಂಡು ಹೆಣ್ಣಿನಂತೆ ಕಂದಾಗಿದ್ದುಕೊಂಡೇ ಸಿಳ್ಳೆ ಹಾಕುತ್ತದೆ.

ಇನ್ನೊಂದು, ರಕ್ತ ಹೀರುವ ಉಣ್ಣೆ ಹುಳ! ಹೆಲ್ಸಿಂಕಿ, ಎಸ್ಪೂ ಕರಾವಳಿಯ ಹುಲ್ಲಿನಲ್ಲಿ ಉಣ್ಣೆ ಇದೆ. ಕೆಲವು ಮಿದುಳುಜ್ವರದ ವೈರಸ್ ಹರಡುತ್ತವೆ. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ ಮಂಗನ ಕಾಯಿಲೆಯ ವೈರಸ್ ಅದಕ್ಕೆ ಹತ್ತಿರದ ನೆಂಟ. ಮಲೆನಾಡಿನವನಾಗಿ ಇದರಲ್ಲಿ ನಾನು ತಮಾಷೆ ಮಾಡುವುದಿಲ್ಲ. ಅಲ್ಲಿಯ ಮಿದುಳುಜ್ವರಕ್ಕೆ ಲಸಿಕೆ ಇದೆ, ಡಾಕ್ಟರನ್ನು ಕೇಳಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಒಳಗೆ ಬಂದ ಕೂಡಲೇ ಮೈ ನೋಡಿಕೊಂಡು ಆಮೇಲೆ ಮಗು ಎತ್ತಿಕೊಳ್ಳಿ.

ಕಡಲೆಹೊಲ_ಗದಗ

ಅಕ್ಕಾರೆ, "ಅದೇ ಹಕ್ಕೀನಾ" ಅಂತ ಕೇಳಿದಿರಲ್ಲ, ಅದಕ್ಕೆ ನಮ್ಮ ಮಾಗಡಿ ಕೆರೆಯಲ್ಲಿ ಉತ್ತರ ಐತಿ. ಶಿರಹಟ್ಟಿ ಕಡೆಯ ಈ ಕೆರೆಗೆ ಪಟ್ಟೆತಲೆ ಹೆಬ್ಬಾತು ನವೆಂಬರಿಗೆ ಬಂದರೆ ಮಾರ್ಚ್ ಹೊತ್ತಿಗೆ ವಾಪಸ್. 2024ರಲ್ಲಿ ಕೆರೆ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿತು. ಒಂದೊಂದು ಹೆಬ್ಬಾತಿನ ಕೊರಳಿಗೆ ಹಸಿರು ಪಟ್ಟಿ ಇರುತ್ತದೆ, ಮೇಲೆ ಬಿಳಿ ಅಕ್ಷರ, ಅಂಕಿ. ಅದು ಮಂಗೋಲಿಯಾದಲ್ಲಿ ಹಾಕಿದ್ದು. ನಿಮ್ಮ ಮೈಸೂರು ಕಡೆ ಹದಿನಾರು ಕೆರೆಯಲ್ಲೂ ಅಂಥವು ಸಿಕ್ಕಾವ. ಅಂಕಿ ಓದಿದರೆ ಮಾತು ಮುಗೀತು, ಅದೇ ಹಕ್ಕಿ. ನಿಮ್ಮ ಸಣ್ಣ ಹಕ್ಕಿಗೆ ಅಂಥ ಪಟ್ಟಿ ಹಾಕಲು ಬರುವುದಿಲ್ಲ, ಕಾಲಿಗೆ ಸಣ್ಣ ಬಳೆ ಅಷ್ಟೇ. ಅದನ್ನು ಓದಬೇಕಂದ್ರ ಹಕ್ಕಿ ಕೈಯಾಗ ಇರಬೇಕು.

ಸುಮ್ನೆ ಒಂದು ಮಾತು. ಇವು ಹಗಲು ನೀರಿನಲ್ಲಿ ಕೂತು ನಿದ್ದೆ ಮಾಡುತ್ತವೆ, ಕತ್ತಲಾದರೆ ನಮ್ಮ ಹೊಲಕ್ಕೆ ಇಳಿಯುತ್ತವೆ. ಫೋಟೊ ತೆಗೆಯುವವರು ಹಗಲೇ ಬಂದು ಹೋಗುತ್ತಾರೆ. ಕಡಲೆ ಸಸಿ ಮೇಯುವುದನ್ನು ನೋಡುವವರು ನಾವು.

ಎಸ್ಪೂ_ಕನ್ನಡತಿ

ಆಂಟಿ, ಬನ್ನಿ ಬನ್ನಿ! ಹತ್ತಿರದಲ್ಲೇ ಲಾಯಲಹ್ತಿ ಕೊಲ್ಲಿ ಇದೆ. ದಂಡೆಯಲ್ಲಿ ವಿಲ್ಲಾ ಎಲ್ಫ್‌ವಿಕ್ ಅನ್ನೋ ಹಳೇ ಮನೆ, ಈಗ ಪ್ರಕೃತಿ ಕೇಂದ್ರ. ಅಲ್ಲಿಂದ ಕಾಲುದಾರಿ, ನೋಡುಗೋಪುರ ಎಲ್ಲಾ ಇವೆ. ಹೆಲ್ಸಿಂಕಿ ಕಡೆ ಹೋದರೆ ವೀಕ್ಕಿ ಪಕ್ಕದ ವನ್ಹಂಕೌಪುಂಗಿನ್‌ಲಹ್ತಿ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ಇಲ್ಲಿ ಯಾರ ಕಾಡಿನಲ್ಲಾದರೂ ನಡೆಯುವ ಹಕ್ಕು ಎಲ್ಲರಿಗೂ ಇದೆ. ಆದರೆ ರಕ್ಷಿತ ಜಾಗಗಳಲ್ಲಿ ದಾರಿ ಬಿಟ್ಟು ಇಳಿಯಬಾರದು. ಜೂನ್ ಮೂರನೇ ವಾರದಲ್ಲಿ ರಾತ್ರಿ ಹತ್ತೂ ಮುಕ್ಕಾಲು ದಾಟಿದರೂ ಸೂರ್ಯ ಮುಳುಗಿರುವುದಿಲ್ಲ, ನಾಲ್ಕಕ್ಕೆ ಮುಂಚೆ ಮತ್ತೆ ಹಾಜರ್. ಕಪ್ಪು ಪರದೆ ಇದೆಯಾ ಅಂತ ಮಗಳನ್ನು ಕೇಳಿ. ಸೊಳ್ಳೆ ಬಗ್ಗೆ ನಾನು ಏನೂ ಹೇಳುವುದಿಲ್ಲ, ಬಂದು ನೋಡಿ.

ಹಿತ್ತಲಹಕ್ಕಿ_ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಲಸಿಕೆ ಬಗ್ಗೆ ಕೇಳಿದೆ ಮೇಷ್ಟ್ರೇ. ಇನ್ನೊಂದು ಪ್ರಶ್ನೆ. ಅಲ್ಲಿ ಮೊದಲ ದಿನ, ಕೊನೆಯ ದಿನ ಅಂತ ಬರೆದರೆ ಅರ್ಥವಿದೆಯಾ? ನಾನೇ ನಡುವೆ ಬಂದು ನಡುವೆ ಹೋಗುವವಳು.

ಸಾಗರದ_ಮೇಷ್ಟ್ರು

ಒಳ್ಳೆ ಪ್ರಶ್ನೆ. ಬ್ಲೈತ್ಸ್ ಮಟ್ಟಿಗೆ ನೀವು ಅದಕ್ಕಿಂತ ಮುಂಚೆಯೇ ತಲುಪುತ್ತೀರಿ, ಹಾಗಾಗಿ ಮೊದಲ ದಿನಕ್ಕೆ ಬೆಲೆಯಿದೆ. ಉಳಿದವಕ್ಕೆ ಬೇರೆ ಉಪಾಯ. ದಿನಾ ಒಂದೇ ಜಾಗ, ಒಂದೇ ಹೊತ್ತು, ಹದಿನೈದು ನಿಮಿಷ. ಕಂಡದ್ದು ಕೇಳಿದ್ದು ಎಲ್ಲಾ ಬರೆಯಿರಿ. ಹಕ್ಕಿಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ "ಗುರುತು ಹಿಡಿದದ್ದನ್ನೆಲ್ಲಾ ಬರೆದಿದ್ದೀರಾ" ಅಂತ ಕೇಳುತ್ತದಲ್ಲ, ಅಲ್ಲಿ ಹೌದು ಅನ್ನುವ ಹಾಗಿರಲಿ. ಆಗ ಒಂದು ಹಕ್ಕಿ ಪಟ್ಟಿಯಲ್ಲಿ ಇಲ್ಲ ಅನ್ನುವುದೂ ಮಾಹಿತಿಯೇ. ಕಂಡ ದಿನ ಮಾತ್ರ ಬರೆದರೆ ಕಾಣದ ದಿನ ನೋಡಿದಿರೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಲೆಡ್ಜರಿಗೆ ಮೂರನೇ ಕಾಲಂ ಸೇರಿಸಿ: ಏನು ಮಾಡುತ್ತಿತ್ತು? ಹಾಡು, ಜಗಳ, ಬಾಯಲ್ಲಿ ಹುಳು, ಮರಿ. ನನ್ನ ಪ್ರಕಾರ ಮೊದಲೆರಡಕ್ಕಿಂತ ಅದೇ ಮುಖ್ಯ.

ಹಿತ್ತಲಹಕ್ಕಿ_ಮೈಸೂರು

ಎಸ್ಪೂದಿಂದ, ಜೂನ್ ಕೊನೆ. ಮೊಮ್ಮಗಳು ಬಂದಿದ್ದಾಳೆ, ಇಬ್ಬರೂ ಆರೋಗ್ಯ. ಹಗಲು ನಿದ್ದೆ, ರಾತ್ರಿ ಎಚ್ಚರ, ಎಲ್ಲಾ ಕೂಸುಗಳ ಕಥೆ ಒಂದೇ. ಅದರಿಂದ ನನಗೆ ಲಾಭವೇ ಆಯಿತು. ರಾತ್ರಿ ಒಂದು ಗಂಟೆಗೆ ಅವಳನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುತ್ತಾ ಕಿಟಕಿ ಹತ್ತಿರ ನಿಂತರೆ ಪಾರ್ಕಿಂಗ್ ಆಚೆಯ ವಿಲ್ಲೋ ಪೊದೆಯಲ್ಲಿ ಒಂದು ಬ್ಲೈತ್ಸ್. ಮೇಷ್ಟ್ರು ಹೇಳಿದ ಹಾಗೇ, ಅದೇ ಸಾಲು ನಾಲ್ಕು ಸಲ, ಟಕ್ ಟಕ್, ಆಮೇಲೆ ಇನ್ನೊಂದು. ನಡುವೆ ಇಲ್ಲಿಯ ಗ್ರೇಟ್ ಟಿಟ್ ದನಿ, ಅಂಬರಗುಬ್ಬಿಯ ಚಿಲಿಪಿಲಿ ಎಲ್ಲಾ ಕದ್ದ ಮಾಲು. ಹಾಡುವಾಗ ಗಂಟಲು ಉಬ್ಬುತ್ತದೆ, ಬಾಯೊಳಗಿನ ಹಳದಿ-ಕಿತ್ತಳೆ ಬಣ್ಣ ಕಾಣುತ್ತದೆ. ಮೈಸೂರಿನಲ್ಲಿ ಅದು ಇಷ್ಟು ಬಾಯಿ ತೆರೆದದ್ದನ್ನು ನಾನು ಕಂಡೇ ಇಲ್ಲ. ಅಳಿಯ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಾರೆ, ಮಗು ಅಳುವುದೂ ಸೇರಿದೆ.

ಗ್ರೀನಿಶ್ ಇಲ್ಲ. ಕೆಂಪು ರೋಸ್‌ಫಿಂಚ್ ಇಲ್ಲ, ಕಂದು ಬಣ್ಣದ ಒಂದು ಸಿಳ್ಳೆ ಹಾಕುತ್ತಿತ್ತು. ಈಗ ಒಂದು ವಾರದಿಂದ ಬ್ಲೈತ್ಸ್ ಹಾಡು ನಿಂತಿದೆ. ಹೊರಟುಹೋಯಿತಾ?

ಸಾಗರದ_ಮೇಷ್ಟ್ರು

ಅಭಿನಂದನೆ, ಅಜ್ಜಿ! ಹೋಗಿಲ್ಲ. ಜೋಡಿ ಸಿಕ್ಕಿರಬೇಕು. ಹೆಣ್ಣು ಬಂದ ಮೇಲೆ ಹಾಡು ಬಹಳ ಕಡಿಮೆಯಾಗುತ್ತದೆ. ಗೂಡು ನೆಲಕ್ಕೆ ಹತ್ತಿರ, ತುರುಚೆ ಗಿಡ, ಪೊದೆಗಳ ನಡುವೆ ಇರುತ್ತದೆ. ಹುಡುಕಲು ಹೋಗಬೇಡಿ. ಕಿಟಕಿಯಿಂದಲೇ ನೋಡಿ, ಬಾಯಲ್ಲಿ ಹುಳು ಹಿಡಿದು ಒಂದೇ ಕಡೆಗೆ ಹೋಗುತ್ತಿದ್ದರೆ ಮೂರನೇ ಕಾಲಮ್ಮಿಗೆ ಬರೆಯಿರಿ. ಆಗಸ್ಟ್‌ನಲ್ಲಿ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತವೆ. ಆ ದಿನಗಳ ಹದಿನೈದು ನಿಮಿಷ ತಪ್ಪಿಸಬೇಡಿ. ಆ ರೆಕಾರ್ಡಿಂಗನ್ನು ಹಾಗೇ ಇ-ಬರ್ಡ್‌ಗೆ ಹಾಕಿ, ಅಳು ಇದ್ದರೆ ಇರಲಿ.

ಕಡಲೆಹೊಲ_ಗದಗ

ಅಕ್ಕಾರೆ, ಶುಭಾಶಯ. ವಾಪಸ್ ಬಂದ ಮೇಲೆ ಡಿಸೆಂಬರಿನಲ್ಲಿ ಮಾಗಡಿಗೆ ಬರ್ರಿ. ಸ್ಕೋಪ್ ಇದ್ದವರನ್ನು ಯಾರನ್ನಾದರೂ ಕರ್ಕೊಂಡು ಬರ್ರಿ, ಬರೀ ದುರ್ಬೀನಿನಲ್ಲಿ ಕೊರಳಪಟ್ಟಿ ಅಂಕಿ ಓದಲು ಆಗುವುದಿಲ್ಲ. ರಾತ್ರಿ ಹೊಲಕ್ಕೆ ಬರುವ ಮನಸ್ಸಿದ್ದರೆ ಮೊದಲೇ ತಿಳಿಸಿ, ನಾಯಿ ಕಟ್ಟಿಹಾಕಬೇಕಾಗುತ್ತದೆ.