ಎಂಜಿನ್‌ಎಕ್ಸ್ ಕಾನ್ಫಿಗ್ ಬದಲಿಸಿದ್ರೂ 502 ಹೋಗ್ತಿಲ್ಲ (ಡಾಕರ್ ಕಂಪೋಸ್)

ಸೊನ್ನೆ_ಬಗ್:
ತಲೆ ಕೆಟ್ಟು ಗೊಬ್ಬರ ಆಗಿದೆ. ಡಾಕರ್ ಕಂಪೋಸ್‌ನಲ್ಲಿ (ಹಲವು ಕಂಟೇನರ್, ಅಂದ್ರೆ ಪ್ರೋಗ್ರಾಂ ಇಟ್ಟಿರೋ ಡಬ್ಬಿಗಳನ್ನ ಒಟ್ಟಿಗೆ ಓಡಿಸೋ ಟೂಲ್) ಎಂಜಿನ್‌ಎಕ್ಸ್ (ವೆಬ್ ಸರ್ವರ್, ಸರ್ವಿಸ್ ಹೆಸರು ‘ವೆಬ್’), ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿ ಕೋಡ್ ಓಡಿಸೋದು, ಸರ್ವಿಸ್ ಹೆಸರು ‘ಪಿಎಚ್‌ಪಿ’). ಲೋಕಲ್‌ಹೋಸ್ಟ್:8080 ತೆರೆದ್ರೆ 502 ಬ್ಯಾಡ್ ಗೇಟ್‌ವೇ, ಅಂದ್ರೆ ಎಂಜಿನ್‌ಎಕ್ಸ್‌ಗೆ ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಸಿಗ್ತಿಲ್ಲ. ಕಾನ್ಫಿಗ್ ಎಲ್ಲಾ ಸರಿ ಇದೆ. ಯಾರಾದ್ರೂ ಹೇಳ್ರಪ್ಪಾ.

ಟರ್ಮಿನಲ್_ಭಟ್ಟ:
ವಿಂಡೋಸ್ ಅಲ್ವಾ? ಸಾಲಿನ ಕೊನೇಲಿ ಸಿಆರ್‌ಎಲ್‌ಎಫ್ (ಸಾಲು ಮುಗೀತು ಅಂತ ವಿಂಡೋಸ್ ಹಾಕೋ ಗುರುತು) ಕೂತಿರುತ್ತೆ. ಅದನ್ನ ಸರಿ ಮಾಡೋ ಡಾಸ್‌ಟುಯುನಿಕ್ಸ್ ಓಡಿಸಿ.

ಮುದ್ದೆ_ಸಾರು:
ಲಾಗ್ ಹಾಕ್ದೆ ‘ಎಲ್ಲಾ ಸರಿ ಇದೆ’ ಅಂದ್ರೆ ನಾವೇನು ಕಣಿ ಹೇಳ್ಬೇಕಾ? ‘ಡಾಕರ್ ಕಂಪೋಸ್ ಲಾಗ್ಸ್ ವೆಬ್’ ಕೊಟ್ಟು ಕೊನೇ ಸಾಲು ಹಾಕಿ.

ಸೊನ್ನೆ_ಬಗ್:
‘ಕನೆಕ್ಟ್ ಫೇಲ್ಡ್ (111: ಕನೆಕ್ಷನ್ ರೆಫ್ಯೂಸ್ಡ್)... ಅಪ್‌ಸ್ಟ್ರೀಮ್: ಫಾಸ್ಟ್‌ಸಿಜಿಐ://127.0.0.1:9000’

ಮುದ್ದೆ_ಸಾರು:
ಸಿಕ್ತು. ಕಂಟೇನರ್ ಒಳಗೆ 127.0.0.1 ಅಂದ್ರೆ ಆ ಎಂಜಿನ್‌ಎಕ್ಸ್ ಕಂಟೇನರೇ. ಅಲ್ಲಿ 9000ರಲ್ಲಿ ಯಾರೂ ಕೇಳ್ತಾ ಕೂತಿಲ್ಲ. ‘ಫಾಸ್ಟ್‌ಸಿಜಿಐ_ಪಾಸ್’ ಮುಂದೆ ಸರ್ವಿಸ್ ಹೆಸರು ಬರ್ಬೇಕು, ಪಿಎಚ್‌ಪಿ:9000 ಅಂತ.

ಸೊನ್ನೆ_ಬಗ್:
ಅದನ್ನೇ ರೀ ಬದಲಿಸಿರೋದು! ಫೈಲಲ್ಲಿ ಪಿಎಚ್‌ಪಿ:9000 ಅಂತಾನೇ ಇದೆ. ರೀಲೋಡ್ (ಕಾನ್ಫಿಗ್ ಮತ್ತೆ ಓದಿಸೋದು), ‘ಅಪ್ -ಡಿ’ (ಕಂಟೇನರ್ ಏಳಿಸೋದು) ಎರಡೂ ಕೊಟ್ಟಾಯ್ತು. ಉಬುಂಟು ಇದು, ವಿಂಡೋಸ್ ಅಲ್ಲ.

ಟರ್ಮಿನಲ್_ಭಟ್ಟ:
ರೆಪೊಗೆ ವಿಂಡೋಸ್‌ನಿಂದ ಕಮಿಟ್ ಆಗಿರಬಹುದಲ್ಲ. ಮೊದ್ಲು ಡಾಸ್‌ಟುಯುನಿಕ್ಸ್.

ಧಾರವಾಡ_ಡೀಮನ್:
ಭಟ್ರ, ಅದನ್ನ ಬಿಡ್ರಿ. ಕಾನ್ಫಿಗ್‌ನಾಗ ಸಿಆರ್ (ಸಿಆರ್‌ಎಲ್‌ಎಫ್‌ನ ಮೊದಲ ಗುರುತು) ಇದ್ರ ಎಂಜಿನ್‌ಎಕ್ಸ್ ಅದನ್ನ ಖಾಲಿ ಜಾಗ ಅಂತ ನುಂಗಿಬಿಡ್ತದ. ತ್ರಾಸ ಆಗೂದು ಕಂಟೇನರ್ ಶುರು ಆಗೂವಾಗ ಓಡೂ ಎಂಟ್ರಿಪಾಯಿಂಟ್ ಶೆಲ್ ಸ್ಕ್ರಿಪ್ಟಿಗೆ. ಸೊನ್ನೆಯವರ, ‘ಡಾಕರ್ ಕಂಪೋಸ್ ಎಕ್ಸೆಕ್ ವೆಬ್ ಎಂಜಿನ್‌ಎಕ್ಸ್ -ಟಿ’ ಕೊಡ್ರಿ, ಟಿ ದೊಡ್ಡಕ್ಷರ. ಸಣ್ಣ ಟಿ ಕಾನ್ಫಿಗ್ ಸರಿ ಅದನೋ ಇಲ್ಲೋ ಅಷ್ಟ ನೋಡ್ತದ. ದೊಡ್ಡದು ಒಳಗಿನ ಕಾನ್ಫಿಗ್ ಪೂರ್ತಿ ಸುರೀತದ. ಎಡಿಟರ್ ಯಾವುದು? ಹೊರಗಿನ ಫೈಲ್ ಕಂಟೇನರ್ ಒಳಗ ಕೊಡೂ ವಾಲ್ಯೂಮ್ಸ್ ಸಾಲು?

ಸೊನ್ನೆ_ಬಗ್:
ಇನ್ನೂ 127.0.0.1 ತೋರಿಸ್ತಿದೆ!! ಎಡಿಟರ್ ವಿಮ್. ವಾಲ್ಯೂಮ್ಸ್: ‘./ಎಂಜಿನ್‌ಎಕ್ಸ್/ಡೀಫಾಲ್ಟ್.ಕಾನ್ಫ್:/ಇಟಿಸಿ/ಎಂಜಿನ್‌ಎಕ್ಸ್/ಕಾನ್ಫ್.ಡಿ/ಡೀಫಾಲ್ಟ್.ಕಾನ್ಫ್:ಆರ್‌ಒ’. ಮೇಲೆ ‘ವರ್ಷನ್: 3.8’ ಇದೆ, ಅದಕ್ಕೊಂದು ವಾರ್ನಿಂಗ್ ಬರುತ್ತೆ.

ಟರ್ಮಿನಲ್_ಭಟ್ಟ:
ವರ್ಷನ್ ಸಾಲು ಇರ್ಲೇಬೇಕು, ತೆಗೀಬೇಡಿ.

ಮುದ್ದೆ_ಸಾರು:
ಯಾವ ಕಾಲದಲ್ಲಿದೀರಾ ಸಾರ್? ಕಂಪೋಸ್ ವಿ2 ಆ ಸಾಲನ್ನ ನೋಡೋದೇ ಇಲ್ಲ. ಆ ವಾರ್ನಿಂಗ್ ಹೇಳ್ತಿರೋದೂ ಅದನ್ನೇ.

ಟರ್ಮಿನಲ್_ಭಟ್ಟ:
ಹಳೇ ಡಾಕರ್-ಕಂಪೋಸ್ ಇಟ್ಕೊಂಡಿರೋರೂ ಇದಾರೆ, ಸಾರ್.

ಧಾರವಾಡ_ಡೀಮನ್:
ಜಗಳ ಆಮ್ಯಾಲ ಆಡ್ರಿ. ನೀವು ಒಂದ ಫೈಲನ್ನ ಬೈಂಡ್ ಮೌಂಟ್ (ಹೊರಗಿನದನ್ನ ಕಂಟೇನರ್ ಒಳಗ ತೋರಸೂದು) ಮಾಡೀರಿ. ಆ ಮೌಂಟ್ ಹಿಡಕೊಳ್ಳೂದು ಫೈಲಿನ ಹೆಸರನ್ನಲ್ಲ, ಐನೋಡ್ ಅನ್ನ (ಡಿಸ್ಕಿನಾಗ ಫೈಲಿನ ಗುರುತು, ಅದಕ್ಕೊಂದು ನಂಬರ್ ಇರ್ತದ). ವಿಮ್ ಸೇವ್ ಮಾಡೂವಾಗ ಹಳೇ ಫೈಲಿನ ಹೆಸರು ಬದಲಿಸಿ ಹೊಸಾದು ಬರೀತದ, ಐನೋಡ್ ಬ್ಯಾರೆ ಆಗ್ತದ. ಕಂಟೇನರ್ ಕೈಯಾಗ ಹಳೇದ ಉಳೀತದ. ‘ಎಲ್‌ಎಸ್ -ಐ’ ಹೊರಗೊಮ್ಮೆ, ಎಕ್ಸೆಕ್ ಮಾಡಿ ಒಳಗೊಮ್ಮೆ ಕೊಡ್ರಿ, ಎರಡೂ ನಂಬರ್ ಬ್ಯಾರೆ ಇರ್ತಾವ. ರೀಲೋಡ್ ಕೊಟ್ರ ಅದ ಹಳೇ ಫೈಲ ಮತ್ತೊಮ್ಮೆ ಓದತದ. ಯಾಮಲ್ (ಕಂಪೋಸ್ ಫೈಲ್) ಬದಲಾಗಿಲ್ಲ ಅಂತ ‘ಅಪ್ -ಡಿ’ ಸುಮ್ಮನ ಕೂಡ್ತದ.
ಈಗಿಂದೀಗ: ‘ಡಾಕರ್ ಕಂಪೋಸ್ ರೀಸ್ಟಾರ್ಟ್ ವೆಬ್’. ಕಾಯಂ ಇಲಾಜು: ಫೈಲ್ ಬದಲಿ ಫೋಲ್ಡರ್ ಮೌಂಟ್ ಮಾಡ್ರಿ, ‘./ಎಂಜಿನ್‌ಎಕ್ಸ್:/ಇಟಿಸಿ/ಎಂಜಿನ್‌ಎಕ್ಸ್/ಕಾನ್ಫ್.ಡಿ:ಆರ್‌ಒ’. ವಿಮ್‌ನಾಗ ‘ಸೆಟ್ ಬ್ಯಾಕಪ್‌ಕಾಪಿ=ಯೆಸ್’ ಹಾಕಿದ್ರೂ ನಡೀತದ, ಖರೇ ಅಂದ್ರ ಟೀಮಿನ ಎಲ್ಲಾರ ಎಡಿಟರ್ ಕಾಯಾಕ ಆಗೂದಿಲ್ಲ.

ಕಾಫಿ_ಕರ್ನಲ್:
ರೂಟ್‌ಲೆಸ್ ಪಾಡ್‌ಮನ್‌ಗೆ (ಡಾಕರ್ ಥರದ್ದೇ, ರೂಟ್ ಅಧಿಕಾರ ಇಲ್ದೇ ಓಡುತ್ತೆ) ಬನ್ನಿ ಎಲ್ರೂ. 64 ಜಿಬಿ ರ‍್ಯಾಮ್ ಮಿನಿ ಪಿಸಿ, ಒಂದೊಂದು ಪ್ರಾಜೆಕ್ಟಿಗೆ ಒಂದೊಂದು ಪಾಡ್, ಆರಾಮಾಗಿ ಓಡ್ತಿವೆ.

ಮುದ್ದೆ_ಸಾರು:
ಪಾಡ್‌ಮನ್‌ನಲ್ಲೂ ಬೈಂಡ್ ಮೌಂಟ್ ಇದೇ ಕಥೆ. ಐನೋಡ್ ಕರ್ನಲ್‌ದು ಸ್ವಾಮಿ, ಡಾಕರ್‌ದಲ್ಲ.

ಸೊನ್ನೆ_ಬಗ್:
ಫೋಲ್ಡರ್ ಮೌಂಟ್ ಮಾಡ್ದೆ, 502 ಹೋಯ್ತು. ಈಗ ಬರೀ ‘ಫೈಲ್ ನಾಟ್ ಫೌಂಡ್.’ ಲಾಗಲ್ಲಿ ‘ಪ್ರೈಮರಿ ಸ್ಕ್ರಿಪ್ಟ್ ಅನ್‌ನೋನ್’.

ಧಾರವಾಡ_ಡೀಮನ್:
ಕೋಡ್ ವೆಬ್ ಕಂಟೇನರ್‌ಗಷ್ಟ ಕೊಟ್ಟೀರಿ ಅನಸ್ತದ. ಎಂಜಿನ್‌ಎಕ್ಸ್ ಬರೀ ದಾರಿ ಕಳಸ್ತದ, ಫೈಲ್ ತಗದು ಓಡಸೂದು ಎಫ್‌ಪಿಎಂ. ‘./ಸೋರ್ಸ್:/ವರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ಎಚ್‌ಟಿಎಂಎಲ್’ ಸಾಲು ಪಿಎಚ್‌ಪಿ ಸರ್ವಿಸಿಗೂ ಹಾಕ್ರಿ, ಎರಡೂ ಕಡೆ ದಾರಿ ಒಂದ ಇರ್ಲಿ. ಈ ಸಲ ಯಾಮಲ್ ಬದಲಾಗ್ತದ, ‘ಅಪ್ -ಡಿ’ ಸಾಕು.

ಟರ್ಮಿನಲ್_ಭಟ್ಟ:
@ಕಾಫಿ_ಕರ್ನಲ್ ಆ ಮಿನಿ ಪಿಸಿ ಫ್ಯಾನ್ ಸದ್ದು ಹೇಗೆ? ರಾತ್ರಿ ಬೆಡ್‌ರೂಮಲ್ಲಿ ಇಡಬಹುದಾ?