ಇಂಗ್ಲಿಷಿನಲ್ಲಿ ಕ್ಯಾಪಿಟಲ್ ಎಲ್ಲಿ ಬೇಕು, ಎಲ್ಲಿ ಬೇಡ?

ಪ್ರಶ್ನೆ: ಕೆಲಸಕ್ಕೆ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಮ್ಯಾನೇಜರ್, ಮ್ಯಾಥಮ್ಯಾಟಿಕ್ಸ್, ಸಮ್ಮರ್, ಬ್ಯಾಚುಲರ್ಸ್ ಡಿಗ್ರಿ ಎಲ್ಲಕ್ಕೂ ಮೊದಲಕ್ಷರ ಕ್ಯಾಪಿಟಲ್ ಹಾಕಿದ್ದೆ. ಓದಿದವರೊಬ್ಬರು ಮುಕ್ಕಾಲು ಪಾಲು ತಪ್ಪು ಅಂದರು. ವಾಕ್ಯದ ಶುರುವಿಗೆ, ಹೆಸರಿಗೆ ಬೇಕು ಅನ್ನೋದು ಗೊತ್ತು. ಉಳಿದದ್ದಕ್ಕೆ ಏನು ಲೆಕ್ಕ?

ಉತ್ತರ, ಪ್ರತಿ ತಿದ್ದುವವರಿಂದ: ಅವರು ಹೇಳಿದ್ದು ಸರಿ. ದೊಡ್ಡ ಹುದ್ದೆ, ಮುಖ್ಯ ವಿಷಯ ಅಂದರೆ ದೊಡ್ಡಕ್ಷರ ಅಂದುಕೊಳ್ಳುವುದೇ ಹೆಚ್ಚಿನ ತಪ್ಪಿಗೆ ಮೂಲ. ಕನ್ನಡದಲ್ಲಿ ಗೌರವಕ್ಕೆ ಬಹುವಚನ ಹಾಕುವ ಹಾಗೆ ಇದನ್ನು ಹಾಕುವಂತಿಲ್ಲ. ಇಂಥದ್ದೇ ಒಬ್ಬರು, ಇಂಥದ್ದೇ ಒಂದು ಜಾಗ ಅಂತ ಗುರುತಿಸುವ ಹೆಸರಿಗಷ್ಟೇ ಅದು ಸಲ್ಲುತ್ತದೆ.

ಹುದ್ದೆ ಹೆಸರಿಗೆ ಮುಂಚೆ ಅಂಟಿಕೊಂಡು ಬಂದರೆ ದೊಡ್ಡದು: 'ಪ್ರೊಫೆಸರ್ ರಾವ್' ಬರೆಯುವಾಗ ದೊಡ್ಡ ಪಿ. 'ರಾವ್ ಈಸ್ ಎ ಪ್ರೊಫೆಸರ್' ಅಂದಾಗ ಸಣ್ಣ ಪಿ. 'ದ ಮ್ಯಾನೇಜರ್ ಆಫ್ ಅವರ್ ಬ್ರಾಂಚ್' ಅಂದಾಗಲೂ ಸಣ್ಣ ಎಂ. ವಿಳಾಸದಲ್ಲಿ, ಸಹಿಯ ಕೆಳಗೆ ಹುದ್ದೆಯನ್ನು ದೊಡ್ಡಕ್ಷರದಲ್ಲಿ ಬರೆಯುವುದು ರೂಢಿ, ಅದಿರಲಿ. ಮದರ್, ಫಾದರ್ ವಿಷಯದಲ್ಲಿ ಅನುಮಾನ ಬಂದರೆ ಆ ಜಾಗಕ್ಕೆ ಒಂದು ಹೆಸರು ಇಟ್ಟು ನೋಡಿ. 'ಮೈ ಸುಮಾ' ಅಂದರೆ ಕೂರುವುದಿಲ್ಲ, ಹಾಗಾಗಿ 'ಮೈ ಮದರ್' ಸಣ್ಣ ಎಂ. 'ಐ ಆಸ್ಕ್ಡ್ ಸುಮಾ' ಕೂರುತ್ತದೆ, ಹಾಗಾಗಿ 'ಐ ಆಸ್ಕ್ಡ್ ಮದರ್' ದೊಡ್ಡ ಎಂ.

ಮ್ಯಾಥಮ್ಯಾಟಿಕ್ಸ್, ಫಿಸಿಕ್ಸ್ ಸಣ್ಣಕ್ಷರ. ಇಂಗ್ಲಿಷ್, ಕನ್ನಡ ಭಾಷೆಯ ಹೆಸರುಗಳು, ಯಾವಾಗಲೂ ದೊಡ್ಡಕ್ಷರ. ಬ್ಯಾಚುಲರ್ಸ್ ಡಿಗ್ರಿ ಸಣ್ಣದು, ಪಿಎಚ್‌ಡಿಯಲ್ಲಿ ನಡುವಿನ ಎಚ್ ಮಾತ್ರ ಸಣ್ಣದು. ವಾರ, ತಿಂಗಳು, ಹಬ್ಬಗಳ ಹೆಸರು ದೊಡ್ಡದು, ಋತುಗಳು ಸಣ್ಣವು. ಉತ್ತರ ದಿಕ್ಕಿಗೆ ಹೋದೆವು ಅನ್ನುವಾಗ ಸಣ್ಣ ಎನ್. ನಾರ್ತ್ ಕರ್ನಾಟಕ ಒಂದು ಪ್ರದೇಶದ ಹೆಸರು, ಅಲ್ಲಿ ದೊಡ್ಡ ಎನ್.

ಪತ್ರದ ಕೊನೆಯಲ್ಲಿ 'ಯುವರ್ಸ್ ಫೇತ್‌ಫುಲ್ಲಿ' ಬರೆಯುವಾಗ ವೈ ಮಾತ್ರ ದೊಡ್ಡದು. ಎರಡನೇ ಪದದ ಎಫ್ ಸಣ್ಣದೇ. ಬಹಳ ಅರ್ಜಿಗಳು ಎಡವುವುದು ಇಲ್ಲೇ.

ಪ್ರಶ್ನೆ: ಪ್ರಾಜೆಕ್ಟ್ ವರದಿಯ ಶೀರ್ಷಿಕೆಗೆ? ಪ್ರತಿ ಪದಕ್ಕೂ ಹಾಕಬೇಕೇ?

ಉತ್ತರ, ಪ್ರತಿ ತಿದ್ದುವವರಿಂದ: ಬೇಡ. 'ವಾಟ್ ಈಸ್ ಲಾಸ್ಟ್ ಬಿಟ್ವೀನ್ ದ ಟ್ಯಾಂಕ್ ಆಂಡ್ ದ ಟ್ಯಾಪ್' ತೆಗೆದುಕೊಳ್ಳಿ. ಇಲ್ಲಿ ಮೊದಲ ಮತ್ತು ಕೊನೆಯ ಪದ ದೊಡ್ಡವು. 'ಈಸ್' ಎರಡೇ ಅಕ್ಷರ, ಆದರೂ ಕ್ರಿಯಾಪದ, ಆದ್ದರಿಂದ ದೊಡ್ಡ ಐ. ಇದನ್ನು ಸಣ್ಣದು ಮಾಡುವವರೇ ಜಾಸ್ತಿ. ಎರಡೂ 'ದ', ನಡುವಿನ 'ಆಂಡ್' ಸಣ್ಣವು. ತಕರಾರು 'ಬಿಟ್ವೀನ್' ಬಗ್ಗೆ. ಎಪಿಎ, ಅಂದರೆ ಅಮೆರಿಕದ ಮನೋವಿಜ್ಞಾನ ಸಂಘದ ಬರವಣಿಗೆ ಶೈಲಿಯಲ್ಲಿ ನಾಲ್ಕು ಅಥವಾ ಹೆಚ್ಚು ಅಕ್ಷರದ ಪದಗಳೆಲ್ಲ ದೊಡ್ಡವು. ಷಿಕಾಗೊ ಶೈಲಿಯ ಕೈಪಿಡಿ ಪ್ರಿಪೊಸಿಷನ್‌ಗಳನ್ನು ('ಇನ್', 'ಬಿಟ್ವೀನ್' ತರಹದ ಸಂಬಂಧ ಸೂಚಿಸುವ ಪದಗಳನ್ನು) ಉದ್ದ ಎಷ್ಟಿದ್ದರೂ ಸಣ್ಣದಾಗಿ ಬರೆಸುತ್ತಿತ್ತು. ಅದರ 2024ರ 18ನೇ ಆವೃತ್ತಿಯಿಂದ ಐದು ಅಕ್ಷರ ಅಥವಾ ಹೆಚ್ಚಿದ್ದರೆ ದೊಡ್ಡದು. ಕಾಲೇಜು ಯಾವ ಶೈಲಿ ಕೇಳಿದೆ ಅಂತ ಮೊದಲು ವಿಚಾರಿಸಿ. ವರ್ಡ್‌ನಲ್ಲಿ ಶಿಫ್ಟ್ ಮತ್ತು ಎಫ್3 ಒತ್ತಿದರೆ ಅಕ್ಷರ ಬದಲಾಗುತ್ತದೆ, ನಿಜ. ಆದರೆ 'ಕ್ಯಾಪಿಟಲೈಸ್ ಈಚ್ ವರ್ಡ್' ಆಯ್ಕೆ 'ಆಫ್', 'ದ' ಕೂಡ ದೊಡ್ಡದು ಮಾಡಿಬಿಡುತ್ತದೆ. ಆಮೇಲೆ ಕೈಯಾರೆ ತಿದ್ದಲೇಬೇಕು.

ಉತ್ತರ, ವಿಜ್ಞಾನ ಬೋಧಕರಿಂದ: ವರದಿಯಲ್ಲಿ ಅಳತೆಗಳಿದ್ದರೆ ಇದನ್ನೂ ನೋಡಿಕೊಳ್ಳಿ. ಕೆಜಿಯ ಎರಡೂ ಅಕ್ಷರ ಸಣ್ಣವು. ಕಿಲೋವ್ಯಾಟ್‌ನ ಕೆ ಸಣ್ಣದು, ಡಬ್ಲ್ಯು ದೊಡ್ಡದು. ಡಬ್ಲ್ಯು ಮುಂದೆ ಸಣ್ಣ ಎಂ ಇದ್ದರೆ ಮಿಲಿವ್ಯಾಟ್, ದೊಡ್ಡ ಎಂ ಇದ್ದರೆ ಮೆಗಾವ್ಯಾಟ್: ವ್ಯತ್ಯಾಸ 100 ಕೋಟಿ ಪಟ್ಟು. ನ್ಯೂಟನ್ ಎಂಬ ಮಾನವನ್ನು ಪೂರ್ತಿ ಬರೆದರೆ ಸಣ್ಣ ಎನ್, ಸಂಕೇತ ಮಾತ್ರ ದೊಡ್ಡ ಎನ್. ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿ ದೊಡ್ಡದೇ. ಆಮ್ಲೀಯತೆ ಸೂಚಿಸುವ ಪಿಎಚ್ ಮೌಲ್ಯದ ಪಿ ಸಣ್ಣದು, ವಾಕ್ಯದ ಶುರುವಿಗೆ ಬಂದರೂ ಬದಲಿಸಬೇಡಿ, ವಾಕ್ಯವನ್ನೇ ತಿರುಗಿಸಿ ಬರೆಯಿರಿ. ಮಾವಿನ ವೈಜ್ಞಾನಿಕ ಹೆಸರು ಮ್ಯಾಂಜಿಫೆರಾ ಇಂಡಿಕಾ: ಎಂ ದೊಡ್ಡದು, ಐ ಸಣ್ಣದು, ಎರಡೂ ಪದ ಇಟಾಲಿಕ್ಸ್‌ನಲ್ಲಿ. ಇಂಡಿಯಾದಿಂದ ಬಂದ ಪದ ಅಂತ ಅಲ್ಲಿ ದೊಡ್ಡ ಐ ಹಾಕುವಂತಿಲ್ಲ.