ಬಫರ್‌ನಲ್ಲಿ ಸರಿ, ಸೀರಮ್‌ನಲ್ಲಿ ಕೈಕೊಡುವ ಸೆನ್ಸರ್: ಅನುಭವ ಇದ್ದವರು ಹೇಳಿ

ಪ್ರಶ್ನೆ

ಪಿಎಚ್‌ಡಿ ಎರಡನೇ ವರ್ಷ ನಡೀತಿದೆ. ಪ್ರಾಸ್ಟೇಟ್ ಕ್ಯಾನ್ಸರ್ ಸೂಚಕ ಪ್ರೋಟೀನ್ ಪಿಎಸ್‌ಎ ಪತ್ತೆ ಮಾಡೋಕೆ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಗ್ರಾಫೀನ್, ಅದರ ಮೇಲೆ ಚಿನ್ನದ ನ್ಯಾನೊಕಣ, ಅದಕ್ಕೆ ಪಿಎಸ್‌ಎ ಹಿಡಿಯೋ ಆ್ಯಂಟಿಬಾಡಿ ಕೂರಿಸಿದ್ದೇನೆ. ಅಳೆಯೋದು ಇಂಪೀಡೆನ್ಸ್‌ನಲ್ಲಿ, ಅಂದರೆ ಎಲೆಕ್ಟ್ರೋಡ್ ಎಸಿ ಕರೆಂಟ್‌ಗೆ ಒಡ್ಡೋ ತಡೆಯಲ್ಲಿ. ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿರೋ ಶುದ್ಧ ದ್ರಾವಣ) ಗ್ರಾಫ್ ನೇರ ಗೆರೆ. ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿದ್ರವ) ಹಾಕಿದರೆ ಪಿಎಸ್‌ಎ ಇದ್ದರೂ ಇಲ್ಲದಿದ್ದರೂ ಸಿಗ್ನಲ್ ಏರುತ್ತೆ. ಗ್ರಾಫೀನ್ ಬಿಟ್ಟು ಮ್ಯಾಕ್ಸೀನ್ (ಇನ್ನೊಂದು ತೆಳು ಹಾಳೆಯ ನ್ಯಾನೊವಸ್ತು) ಹಾಕು ಅಂತ ಒಬ್ಬರು, ನ್ಯಾನೊಟ್ಯೂಬ್ ಹಾಕು ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ: ಎಲೆಕ್ಟ್ರೋಕೆಮಿಸ್ಟ್ರಿ ಲ್ಯಾಬ್‌ನಿಂದ

ಎರಡೂ ಬೇಡ. ವಸ್ತು ಬದಲಿಸಿದರೆ ಇದೇ ತೊಂದರೆ ಹೊಸ ಹೆಸರಲ್ಲಿ ಬರುತ್ತೆ.

ಲೆಕ್ಕ ನೋಡಿ. ಒಂದು ಮಿಲಿಲೀಟರ್ ಸೀರಮ್‌ನಲ್ಲಿ ಆಲ್ಬುಮಿನ್ ಒಂದೇ ಸುಮಾರು 40 ಮಿಲಿಗ್ರಾಂ ಇರುತ್ತೆ. ನೀವು ಹುಡುಕ್ತಿರೋ ಪಿಎಸ್‌ಎ 4 ನ್ಯಾನೊಗ್ರಾಂ ಆಸುಪಾಸು. ತೂಕದಲ್ಲಿ ಒಂದಕ್ಕೆ ಒಂದು ಕೋಟಿ. ಎಲೆಕ್ಟ್ರೋಡ್ ಮೇಲೆ ಯಾರು ಬಂದು ಕೂತರು ಅಂತ ಇಂಪೀಡೆನ್ಸ್‌ಗೆ ಗೊತ್ತಾಗೋದೇ ಇಲ್ಲ. ಏನೋ ಕೂತಿತು, ಅಳತೆಗಾಗಿ ದ್ರಾವಣಕ್ಕೆ ಹಾಕಿರೋ ಫೆರಿಸಯನೈಡ್‌ಗೆ ದಾರಿ ಕಟ್ಟಿತು, ರೋಧ ಏರಿತು, ಅದು ಹೇಳೋದು ಅಷ್ಟೇ. ಮೇಲ್ಮೈ ಹೆಚ್ಚಿಸೋ ನ್ಯಾನೊವಸ್ತು ಹಾಕಿದಷ್ಟೂ ಪಿಎಸ್‌ಎ ಜೊತೆ ಆಲ್ಬುಮಿನ್‌ಗೂ ಜಾಗ ಸಿಗುತ್ತೆ.

ಮೊದಲು ಒಂದು ಕಂಟ್ರೋಲ್ ಮಾಡಿ. ಅದೇ ಎಲೆಕ್ಟ್ರೋಡ್, ಅದೇ ಬ್ಲಾಕಿಂಗ್ (ಖಾಲಿ ಜಾಗ ಮುಚ್ಚೋ ಲೇಪ), ಆದರೆ ಪಿಎಸ್‌ಎ ಆ್ಯಂಟಿಬಾಡಿ ಜಾಗದಲ್ಲಿ ಅದೇ ಪ್ರಾಣಿಯ, ಅದೇ ಉಪವರ್ಗದ, ಪಿಎಸ್‌ಎಗೆ ಸಂಬಂಧವೇ ಇಲ್ಲದ ಆ್ಯಂಟಿಬಾಡಿ. ಅದರ ಮೇಲೆ ಸೀರಮ್ ಹಾಕಿ. ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಏರಿದರೆ ನೀವು ಈವರೆಗೆ ಅಳೆದಿರೋದು ಅಂಟಿಕೊಂಡ ಪ್ರೋಟೀನನ್ನು. ಬೇರೆ ವಸ್ತುಗಳಿಗೆ ಸೆನ್ಸರ್ ಸ್ಪಂದಿಸಲ್ಲ ಅಂತ ತೋರಿಸೋಕೆ ಗ್ಲೂಕೋಸ್, ಆಸ್ಕಾರ್ಬಿಕ್ ಆಮ್ಲ ಹಾಕಿ ಪಕ್ಕಪಕ್ಕ ಕಂಬ ನಿಲ್ಲಿಸೋ ಚಿತ್ರ ಪೇಪರ್‌ಗಳಲ್ಲಿ ಧಾರಾಳ ಸಿಗುತ್ತೆ. ಈ ವಿಷಯದಲ್ಲಿ ಅದಕ್ಕೆ ನಾನು ಹೆಚ್ಚು ಬೆಲೆ ಕೊಡೋದಿಲ್ಲ.

ಬ್ಲಾಕಿಂಗ್‌ನಲ್ಲಿ ನಿಮ್ಮ ವಿನ್ಯಾಸಕ್ಕೇ ಇರೋ ಒಂದು ತೊಡಕಿದೆ. ಥಯಾಲ್ (ಚಿನ್ನಕ್ಕೆ ಅಂಟೋ ಗಂಧಕದ ಗುಂಪು) ಇರೋ ಪೆಗ್ (ಪ್ರೋಟೀನ್ ದೂರ ಇಡೋ ಪಾಲಿಮರ್) ಅಣುಗಳು ಚಿನ್ನವನ್ನು ಚೆನ್ನಾಗಿ ಮುಚ್ಚುತ್ತವೆ, ಆದರೆ ಕಣಗಳ ನಡುವಿನ ಗ್ರಾಫೀನ್ ಬೆತ್ತಲೆ ಉಳಿಯುತ್ತೆ, ಪ್ರೋಟೀನ್ ಅಂಟೋದು ಅಲ್ಲೇ. ನಮ್ಮಲ್ಲಿ ಚಿನ್ನಕ್ಕೆ ಪೆಗ್, ಗ್ರಾಫೀನ್‌ಗೆ ಬಿಎಸ್‌ಎ (ಹಸುವಿನ ಆಲ್ಬುಮಿನ್), ತೊಳೆಯೋ ಬಫರ್‌ನಲ್ಲಿ 0.05 ಶೇಕಡಾ ಟ್ವೀನ್-20 ಡಿಟರ್ಜೆಂಟ್, ಹೀಗೆ ಎರಡನ್ನೂ ಬೇರೆಬೇರೆ ಮುಚ್ಚಿದ ಮೇಲೆ ಹಿನ್ನೆಲೆ ಚೆನ್ನಾಗಿ ಇಳಿಯಿತು. ಪೂರ್ತಿ ಹೋಗಲಿಲ್ಲ, ಹೋಗೋದೂ ಇಲ್ಲ.

ಇನ್ನೊಂದು, ಫೆರಿ-ಫೆರೋಸಯನೈಡ್ ದ್ರಾವಣ ಚಿನ್ನವನ್ನು ನಿಧಾನವಾಗಿ ಕೊರೆಯುತ್ತೆ. ಸೀರಮ್ ಇಲ್ಲದೆ, ಅಷ್ಟೇ ಹೊತ್ತು, ಅಷ್ಟೇ ಸಲ ಅಳೆದು ಬೇಸ್‌ಲೈನ್ ಎಷ್ಟು ಸರಿಯುತ್ತೆ ನೋಡಿಕೊಳ್ಳಿ.

ಇಷ್ಟಾದರೂ ಬಗ್ಗದಿದ್ದರೆ ಪಿಎಸ್‌ಎಯನ್ನು ಎರಡು ಆ್ಯಂಟಿಬಾಡಿಗಳ ನಡುವೆ ಹಿಡಿಯೋ ಸ್ಯಾಂಡ್‌ವಿಚ್‌ ವಿಧಾನಕ್ಕೆ ಹೋಗಿ. ಎರಡನೇ ಆ್ಯಂಟಿಬಾಡಿಗೆ ಕಿಣ್ವವೋ ನ್ಯಾನೊಕಣವೋ ಕಟ್ಟಿ, ಸಿಗ್ನಲ್ ಅದರಿಂದ ಮಾತ್ರ ಬರಲಿ. ಇಂಥ ಗುರುತು (ಲೇಬಲ್) ಇಲ್ಲದ ಸೆನ್ಸರ್ ಅನ್ನೋದು ಪೇಪರ್ ಶೀರ್ಷಿಕೆಗೆ ಚೆಂದ. ಆದರೆ ಪಿಎಸ್‌ಎಗೆ ಒಳ್ಳೆಯ ಆ್ಯಂಟಿಬಾಡಿ ಜೋಡಿಗಳು ಸುಲಭವಾಗಿ ಸಿಗುವಾಗ ಆ ಹಟ ಯಾಕೆ?

ಉತ್ತರ: ಆಸ್ಪತ್ರೆ ಬಯೋಕೆಮಿಸ್ಟ್ರಿ ವಿಭಾಗದಿಂದ

ಮೇಲಿನವರ ಮಾತಿಗೆ ನನ್ನದೂ ಸಹಮತ. ರೋಗಿಯ ಕಡೆಯಿಂದ ಎರಡು ಮಾತು.

ನೀವು ಕ್ಯಾಲಿಬ್ರೇಶನ್‌ಗೆ ಬಳಸ್ತಿರೋ ಪಿಎಸ್‌ಎ ಯಾವುದು? ರಕ್ತದಲ್ಲಿ ಅದರ ಬಹುಪಾಲು ಆಲ್ಫಾ-1 ಆ್ಯಂಟಿಕೈಮೊಟ್ರಿಪ್ಸಿನ್ ಅನ್ನೋ ಪ್ರೋಟೀನ್‌ಗೆ ಬೆಸೆದುಕೊಂಡಿರುತ್ತೆ, ಸ್ವಲ್ಪ ಭಾಗ ಮಾತ್ರ ಬಿಡಿ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಒಟ್ಟು ಪಿಎಸ್‌ಎ ಮಾನಕದಲ್ಲಿ ಬೆಸೆದದ್ದು 90, ಬಿಡಿ 10ರ ಅನುಪಾತ ಇಟ್ಟಿದ್ದಾರೆ. ಬಫರ್‌ನಲ್ಲಿ ಬರೀ ಬಿಡಿ ಪಿಎಸ್‌ಎ ಹಾಕಿ ಗೆರೆ ಎಳೆದರೆ, ನಿಮ್ಮ ಆ್ಯಂಟಿಬಾಡಿ ಎರಡೂ ರೂಪಗಳನ್ನು ಸಮವಾಗಿ ಹಿಡಿಯದಿದ್ದಾಗ ರೋಗಿಯ ಮಾದರಿಯಲ್ಲಿ ಅಂಕಿ ತಪ್ಪುತ್ತೆ. ಆಗ ಬ್ಲಾಕಿಂಗ್ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಖಾಲಿ ಮಾದರಿಗೆ ಹೆಣ್ಣುಮಕ್ಕಳ ಸೀರಮ್ ತಗೊಳ್ಳಿ. ಅದರಲ್ಲಿ ಪಿಎಸ್‌ಎ ತೀರಾ ಕಡಿಮೆ, ಉಳಿದದ್ದೆಲ್ಲ ನಿಜವಾದ ಸೀರಮ್ಮೇ. ಅದಕ್ಕೆ ಗೊತ್ತಿರೋ ಪ್ರಮಾಣ ಸೇರಿಸಿ ಎಷ್ಟು ವಾಪಸ್ ಸಿಗುತ್ತೆ ನೋಡಿ. ಒಬ್ಬರದೇ ಸೀರಮ್ ನಂಬಬೇಡಿ, ವ್ಯಕ್ತಿಯಿಂದ ವ್ಯಕ್ತಿಗೆ ಹಿನ್ನೆಲೆ ಬದಲಾಗುತ್ತೆ. ಕೆಂಪು ಕಣ ಒಡೆದು ಗುಲಾಬಿ ಬಣ್ಣಕ್ಕೆ ತಿರುಗಿದ ಮಾದರಿಗಳನ್ನೂ ಬೇಕಂತಲೇ ಹಾಕಿ ನೋಡಿ.

ಫೆಮ್ಟೊಗ್ರಾಂ (ನ್ಯಾನೊಗ್ರಾಂನ ಹತ್ತು ಲಕ್ಷದಲ್ಲೊಂದು ಭಾಗ) ಪತ್ತೆ ಮಾಡ್ತೀವಿ ಅನ್ನೋರು ನನ್ನ ಹತ್ತಿರ ಆಗಾಗ ಬರ್ತಾರೆ. ವೈದ್ಯರು ಬಹುಕಾಲ ಗಡಿ ಅಂತ ಇಟ್ಟುಕೊಂಡು ಬಂದಿರೋದು ಮಿಲಿಲೀಟರ್‌ಗೆ 4 ನ್ಯಾನೊಗ್ರಾಂ. ಅಲ್ಲಿ ನನಗೆ ಬೇಕಾದ್ದು 3.6ನ್ನೂ 4.4ನ್ನೂ ಇವತ್ತೂ ನಾಳೆಯೂ ಬೇರೆಬೇರೆಯಾಗಿಯೇ ತೋರಿಸೋ ಸೆನ್ಸರ್. ಪ್ರಾಸ್ಟೇಟ್ ತೆಗೆದ ಮೇಲೆ ರೋಗ ಮರಳಿತೇ ಅಂತ ನೋಡುವಾಗ ಮಾತು ಬೇರೆ. ಅಲ್ಲಿ 0.2 ನ್ಯಾನೊಗ್ರಾಂ ಕೂಡ ಲೆಕ್ಕಕ್ಕೆ ಬರುತ್ತೆ, ನಿಮ್ಮ ಸೂಕ್ಷ್ಮತೆಗೆ ನಿಜವಾದ ಕೆಲಸ ಇರೋದು ಬಹುಶಃ ಅಲ್ಲೇ. ಅಂದಹಾಗೆ ಗ್ರಂಥಿ ಬರೀ ಊದಿಕೊಂಡರೂ, ಸೋಂಕಾದರೂ ಪಿಎಸ್‌ಎ ಏರುತ್ತೆ. ಅದನ್ನು ಯಾವ ನ್ಯಾನೊವಸ್ತುವೂ ಸರಿಪಡಿಸಲಾರದು.

ಉತ್ತರ: ನ್ಯಾನೊವೈರ್ ಮಾಡ್ತಿದ್ದವನು

ಯಾರಾದರೂ ಟ್ರಾನ್ಸಿಸ್ಟರ್ ಮಾದರಿಯ ಸೆನ್ಸರ್‌ಗೆ ಹೋಗು ಅಂದರೆ ಡಿಬೈ ಉದ್ದ (ದ್ರಾವಣದಲ್ಲಿ ವಿದ್ಯುದಾವೇಶದ ಪ್ರಭಾವ ಎಷ್ಟು ದೂರ ಮುಟ್ಟುತ್ತೆ ಅನ್ನೋ ಅಳತೆ) ಕೇಳಿ. ರಕ್ತದಷ್ಟು ಉಪ್ಪಿರೋ ದ್ರವದಲ್ಲಿ ಅದು 1 ನ್ಯಾನೊಮೀಟರ್‌ಗಿಂತ ಕಡಿಮೆ, ಆ್ಯಂಟಿಬಾಡಿ ಉದ್ದವೇ 10ರ ಹತ್ತಿರ. ಹಿಡಿದ ಪ್ರೋಟೀನ್‌ನ ವಿದ್ಯುದಾವೇಶ ಸೆನ್ಸರ್‌ನ ತಂತಿಗೆ ಕಾಣೋದೇ ಇಲ್ಲ. 2005ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಲೀಬರ್ ಗುಂಪು ಸಿಲಿಕಾನ್ ನ್ಯಾನೊವೈರ್‌ನಲ್ಲಿ ಪಿಎಸ್‌ಎ ಸೇರಿ ಹಲವು ಸೂಚಕ ಒಟ್ಟಿಗೆ ಅಳೆದದ್ದನ್ನು ಎಲ್ಲರೂ ಉದಾಹರಿಸ್ತಾರೆ. ಸೀರಮ್‌ನಿಂದ ಮೊದಲು ಉಪ್ಪು ತೆಗೆದಿದ್ದರು ಅನ್ನೋದನ್ನು ಮಾತ್ರ ಯಾರೂ ಹೇಳಲ್ಲ.

ಉತ್ತರ: ಡಯಾಗ್ನಾಸ್ಟಿಕ್ ಕಿಟ್ ತಯಾರಿಕೆಯಲ್ಲಿರುವವಳು

ಚಿಕ್ಕ ಪ್ರಶ್ನೆ: ಆ್ಯಂಟಿಬಾಡಿ ಕೂರಿಸೋಕೆ ಇಡಿಸಿ-ಎನ್‌ಎಚ್‌ಎಸ್ (ಪ್ರೋಟೀನ್‌ನ ಅಮೈನ್ ಗುಂಪನ್ನು ಮೇಲ್ಮೈಗೆ ಬೆಸೆಯೋ ರಾಸಾಯನಿಕ ಜೋಡಿ) ಬಳಸ್ತಿದ್ದರೆ ಬಫರ್‌ನಲ್ಲಿ ಟ್ರಿಸ್ ಅಥವಾ ಗ್ಲೈಸಿನ್ ಇದೆಯಾ? ಅವುಗಳ ಅಮೈನ್ ಗುಂಪೇ ಬಂಧವನ್ನು ಕಬಳಿಸುತ್ತೆ. ಆ್ಯಂಟಿಬಾಡಿ ಬಾಟಲಿಯ ಹಿಂದಿನ ಚೀಟಿಯನ್ನೂ ಓದಿ, ಕೆಲವಕ್ಕೆ ಬಿಎಸ್‌ಎ ಮೊದಲೇ ಬೆರೆಸಿರ್ತಾರೆ, ಆಗ ನೀವು ಅಂಟಿಸ್ತಿರೋದು ಹೆಚ್ಚಾಗಿ ಅದನ್ನೇ.

ಪ್ರಶ್ನೆ ಕೇಳಿದವರು

ಬಾಟಲಿ ನೋಡಿದೆ, ಬಿಎಸ್‌ಎ ಇದೆ. ಬಿಎಸ್‌ಎ ಇಲ್ಲದ್ದನ್ನು ತರಿಸ್ತೀನಿ. ಸಂಬಂಧವಿಲ್ಲದ ಆ್ಯಂಟಿಬಾಡಿಯ ಕಂಟ್ರೋಲ್ ನಾಳೆ ಶುರು ಮಾಡ್ತೀನಿ. ಮ್ಯಾಕ್ಸೀನ್ ಆರ್ಡರ್ ಸದ್ಯಕ್ಕೆ ನಿಲ್ಲಿಸಿದ್ದೇನೆ.